ಹಿತ್ತಲ ಗಿಡವೂ ಮದ್ದೇ

ಈ ವರ್ಷದ ಸಂಚಿಕೆಗೆ ಒಂದು ಕವಿತೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನಾನು ಹಿಗ್ಗಿದ್ದು ಸುಳ್ಳಲ್ಲ. ಅಂದೇ ಪೇಟೆಗೆ ಹೋಗಿ ಹೊಸ ನೋಟುಬುಕ್ಕನ್ನು ಕೊಂಡುತಂದೆ. 'ಕಡಲು' ಎಂದು ತಲೆಬರಹ ಬರೆದು, ಅದರ ಕೆಳಗೆ ಎರಡು ಗೆರೆಗಳನ್ನೂ ಎಳೆದೆ. ಹದಿನೈದು ದಿನ ಕಳೆದರೂ ಆ ಗೆರೆಗಳ ಕೆಳಗೆ ಒಂದಕ್ಷರವೂ ಮೂಡಲಿಲ್ಲ. ಮೂಡುವುದಾದರೂ ಹೇಗೆ? ನಾನು ಕಡಲನ್ನು ಕಂಡವನೇ ಅಲ್ಲ. ಕಡಲನ್ನು ಬಿಟ್ಟು ಹಿಮಾಲಯವನ್ನು ಹಿಡಿದೆ. ಅದೂ ಕೈಗೆ ಸಿಗಲಿಲ್ಲ. "ಸ್ಫೂರ್ತಿ ಬರಲೊಲ್ಲದು" ಎಂದು ದೊಡ್ಡ ಕವಿಯ ಹಾಗೆ ಮುಖ ಬಾಡಿಸಿಕೊಂಡು ತಿರುಗಾಡಿದೆ.

ಕೊನೆಗೆ ಸ್ಫೂರ್ತಿ ಬಂದುದೇನೋ ನಿಜ. ಆದರೆ ಬಂದುದು ಎಲ್ಲಿಂದ ಎಂದು ಹೇಳಿದರೆ ವಾಚಕರು ನಕ್ಕಾರು. ಅಂಗನವಾಡಿಗೆ ಹೋಗುವ ನನ್ನ ಅಕ್ಕನ ಮಗಳ ಚಿತ್ರಪುಸ್ತಕದಿಂದ ಮತ್ತು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತ ನನ್ನ ಸೋದರಮಾವನಿಂದ. ಬರೆಯುವ ಹಂಬಲವುಳ್ಳ ನಮ್ಮಂಥ ವಿದ್ಯಾರ್ಥಿಗಳಿಗೆ ಮಕ್ಕಳ ಚಿತ್ರಪುಸ್ತಕಕ್ಕಿಂತ, ನಮ್ಮ ಓಣಿಯ ಕಲಾವಿದನಿಗಿಂತ ಒಳ್ಳೆಯ ಗುರು ಬೇರೊಬ್ಬನಿಲ್ಲವೆಂಬುದು ಈಗ ನನ್ನ ಅಭಿಪ್ರಾಯ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಹಿರಿಯರು ಎಚ್ಚರಿಸಲೆಂದು ಹೇಳಿದ್ದೆಂದು ತಿಳಿಯದೆ, ಅಪ್ಪಣೆಯೆಂದು ತಿಳಿದು ನಡೆಯುತ್ತಿದ್ದೇವೆ. ಈ ಮಾತನ್ನು ಸ್ವಲ್ಪ ವಿವರಿಸಲು ಅಪ್ಪಣೆಯಾಗಲಿ.

ಆ ಮಗುವಿನ ಪುಸ್ತಕದಲ್ಲಿದ್ದವು ಹದಿನಾರು ಪುಟಗಳು. ಒಂದೊಂದು ಪುಟದಲ್ಲಿ ಹೆಚ್ಚೆಂದರೆ ಎಂಟೋ ಹತ್ತೋ ಶಬ್ದ. ನಾನು ಎರಡು ನಿಮಿಷದಲ್ಲಿ ಓದಿ ಮುಗಿಸಿ "ಆತು" ಎಂದೆ. ಅವಳು ಪುಸ್ತಕವನ್ನು ಕಸಿದುಕೊಂಡು ಮೊದಲ ಪುಟದಿಂದ ಮತ್ತೆ ಶುರು ಮಾಡಿದಳು. ಅಕ್ಷರ ಬಾರದ ಆಕೆಗೆ ಆ ಪುಟಗಳನ್ನು ಓದಲು ಅರ್ಧ ತಾಸು ಬೇಕಾಯಿತು. ಮೂಲೆಯಲ್ಲಿ ಒಂದು ಬೆಕ್ಕು ಪುಟದಿಂದ ಪುಟಕ್ಕೆ ಹಾಲಿನ ಗಡಿಗೆಯ ಹತ್ತಿರ ಸರಿಯುತ್ತಿದ್ದುದನ್ನು ನಾನು ಕಂಡಿರಲೇ ಇಲ್ಲ, ಅವಳು ಕಂಡಿದ್ದಳು. ಕಥೆಯ ಮಾತಿನಲ್ಲಿ ಬೆಕ್ಕಿನ ಹೆಸರೇ ಇಲ್ಲ. ಒಳ್ಳೆಯ ಚಿತ್ರಪುಸ್ತಕದ ಗುಟ್ಟು ಇದೇ. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳುವುದಿಲ್ಲ. ಮಾತು ಹೇಳಿದ್ದನ್ನು ಚಿತ್ರ ಬರಿದೆ ಅನುಕರಿಸುವುದಿಲ್ಲ. ಎರಡರ ನಡುವೆ ಒಂದಿಷ್ಟು ತೆರವು ಉಳಿದಿರುತ್ತದೆ. ಮಗು ತಾನೇ ಅಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ನನ್ನ 'ಕಡಲು' ಕವಿತೆಯಲ್ಲಿ ಯಾರಿಗೂ ಕುಳಿತುಕೊಳ್ಳಲು ಸ್ಥಳವಿರಲಿಲ್ಲ. ಎಲ್ಲವನ್ನೂ ವಿಶೇಷಣಗಳಿಂದ ತುಂಬಬೇಕೆಂದು ಹೊರಟಿದ್ದೆ.

ಚಿತ್ರಪುಸ್ತಕವೆಂದರೆ ಹುಡುಗಾಟದ ಸರಕೆಂದು ತಿಳಿಯುವವರು ಅದರ ಚರಿತ್ರೆಯ ಕಡೆಗೆ ಒಮ್ಮೆ ನೋಡಬೇಕು. 1658ರಷ್ಟು ಹಿಂದೆಯೇ ಕೊಮೇನಿಯಸ್ ಎಂಬ ಶಿಕ್ಷಣತಜ್ಞ ಯುರೋಪಿನ ಮಕ್ಕಳಿಗಾಗಿ ಚಿತ್ರಗಳ ಮೂಲಕ ಜಗತ್ತನ್ನು ಪರಿಚಯಿಸುವ ಪಠ್ಯವನ್ನು ಪ್ರಕಟಿಸಿದನು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ವಿಶ್ವಕವಿಯೆನಿಸಿದ ಮೇಲೂ, 1930ರಲ್ಲಿ, ಬಂಗಾಳಿ ಮಕ್ಕಳಿಗಾಗಿ 'ಸಹಜ ಪಾಠ'ವೆಂಬ ಅಕ್ಷರಮಾಲೆಯನ್ನು ಬರೆದರು. ಅದಕ್ಕೆ ಚಿತ್ರ ಬರೆದವರು ನಂದಲಾಲ ಬೋಸರು. ಕನ್ನಡದಲ್ಲಿ ಶಿವರಾಮ ಕಾರಂತರು ಕಾದಂಬರಿಗಳ ನಡುವೆಯೇ ಬಿಡುವು ಮಾಡಿಕೊಂಡು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ಸಿದ್ಧಪಡಿಸಿದರು. 'ಚಂದಮಾಮ'ದ ರಕ್ಷಾಪುಟಗಳ ಮೇಲೆ ಮಹಾಭಾರತದ ವೀರರನ್ನು ಚಿತ್ರಿಸಿದವರಲ್ಲಿ ನಮ್ಮ ಎಂ.ಟಿ.ವಿ. ಆಚಾರ್ಯರು ಪ್ರಮುಖರು. ಇಂಥ ಹಿರಿಯರು ಕೀಳೆಂದು ಭಾವಿಸದ ಕೆಲಸವನ್ನು ನಾವು ಕೀಳೆಂದು ಭಾವಿಸುವುದು ಎಷ್ಟರಮಟ್ಟಿಗೆ ಸರಿ?

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರ ಉದಾಹರಣೆಯಂತೂ ನನ್ನ ವಾದಕ್ಕೆ ಬಲವಾದ ಆಧಾರ. ಓದಲು ಕಲಿಯುವ ಮೊದಲೇ ಅವರು ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರು. ಅದರೊಡನೆ ಕಿಟಕಿಯಾಚೆಯ ಮರದ ಕೊಂಬೆ, ಒಣ ಎಲೆ, ಹಲ್ಲಿ, ಕಾಗೆ, ಇವನ್ನೇ ಬಿಡದೆ ಬರೆದರು. ಮುಂಬಯಿಯ ಕಲಾಶಾಲೆಯೊಂದು ಪ್ರವೇಶ ಕೊಡದಿದ್ದಾಗಲೂ ಆ ಕಾಗೆ ಅವರನ್ನು ಕೈಬಿಡಲಿಲ್ಲ. ಚಿತ್ರ ನೋಡುವ ಕಣ್ಣು, ಹತ್ತಿರದ ವಸ್ತು: ಈ ಎರಡೇ ಅವರ ಬಂಡವಾಳ.

ಈಗ ನಮ್ಮ ಊರಿಗೆ ಬರೋಣ. ಸವಣೂರೆಂದರೆ ಹೊರಗಿನವರಿಗೆ ಖಾರ, ವೀಳ್ಯದೆಲೆ, ನವಾಬರು ನೆನಪಾಗುತ್ತಾರೆ. ಆದರೆ ದೊಡ್ಡಹುಣಸೆ ಕಲ್ಮಠದ ಆವಾರದಲ್ಲಿಯ ಮೂರು ಮರಗಳನ್ನು ಒಮ್ಮೆ ಕಂಡವರು ಅವನ್ನು ಮರೆಯಲಾರರು. ನಾವು ದೊಡ್ಡಹುಣಸೆಯೆಂದರೂ ಅವು ಹುಣಸೆಯ ಜಾತಿಯವಲ್ಲ; ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಎಲೆ ಅಂಗೈಯ ಬೆರಳುಗಳಂತೆ ಹರಡಿರುತ್ತದೆ. ಬಿಳಿಯ ಹೂವು ತಲೆಕೆಳಗಾಗಿ ತೂಗಿ ರಾತ್ರಿಯಲ್ಲಿ ಅರಳುತ್ತದೆ. ಕಾಯಿಯೊಳಗಿನ ತಿರುಳು ಹುಳಿ. ಆ ಹುಳಿಯಿಂದಲೇ ಈ ಹೆಸರು ಬಂದಿರಬೇಕು.

ಇದೇ ಮರವನ್ನು ಲೋಕದ ಮಕ್ಕಳಿಗೆಲ್ಲ ಪರಿಚಯಿಸಿದ ಪುಸ್ತಕವೊಂದುಂಟು. ಫ್ರಾನ್ಸಿನ ವಿಮಾನಚಾಲಕ ಸೇಂತ್ ಎಕ್ಸೂಪೆರಿ ಬರೆದು, ಚಿತ್ರಗಳನ್ನೂ ತಾನೇ ರಚಿಸಿ 1943ರಲ್ಲಿ ಪ್ರಕಟಿಸಿದ 'ಪುಟ್ಟ ರಾಜಕುಮಾರ'. ಗುರುಗಳೊಬ್ಬರ ಕೃಪೆಯಿಂದ ಅದರ ಇಂಗ್ಲಿಷ್ ಪ್ರತಿ ನನ್ನ ಕೈಸೇರಿತು. ಕಥೆಯ ಮೊದಲಲ್ಲಿಯೇ ಹುಡುಗನೊಬ್ಬ ಆನೆಯನ್ನು ನುಂಗಿದ ಹೆಬ್ಬಾವನ್ನು ಬರೆದು ತೋರಿಸುತ್ತಾನೆ. ದೊಡ್ಡವರಿಗೆಲ್ಲ ಅದು ಟೊಪ್ಪಿಗೆಯಾಗಿಯೇ ಕಾಣುತ್ತದೆ. ಮುಂದೆ ಒಂದು ಪುಟ್ಟ ಗ್ರಹದ ಪ್ರಸಂಗ ಬರುತ್ತದೆ. ಅಲ್ಲಿಯ ಸೋಮಾರಿಯೊಬ್ಬ ಮೂರು ಸಸಿಗಳನ್ನು ಎಳೆಯದರಲ್ಲಿಯೇ ಕೀಳದೆ ಬಿಟ್ಟ. ಅವು ಮೂರು ಮಹಾ ಬಾವೊಬಾಬ್‌ಗಳಾಗಿ ಬೆಳೆದು, ಬೇರುಗಳಿಂದ ಇಡೀ ಗ್ರಹವನ್ನೇ ಬಿಗಿದು ಹಿಡಿದವು. ಪುಸ್ತಕದಲ್ಲಿಯೇ ಇದು ಎಲ್ಲಕ್ಕಿಂತ ಭವ್ಯವಾದ ಚಿತ್ರ. ಉಳಿದ ಚಿತ್ರಗಳೇಕೆ ಹೀಗಿಲ್ಲವೆಂಬುದಕ್ಕೆ ಲೇಖಕನೇ ಕಾರಣ ಕೊಡುತ್ತಾನೆ: ಇದನ್ನು ಬರೆಯುವಾಗ ಅವನಿಗೆ ಹೇಳಲೇಬೇಕಾದ ಅವಸರವೊಂದಿತ್ತು.

ಆ ಪುಟವನ್ನು ನೋಡಿ ನಾನು ನಾಚಿದೆ. ಅವನ ಕಾಗದದ ಮೇಲೆ ಮೂರು ಮರ. ನನ್ನ ಮನೆಯ ಹತ್ತಿರವೂ ಮೂರೇ ಮರ. ಕಣ್ಣೆದುರಿಗಿದ್ದುದನ್ನು ಬಿಟ್ಟು ಕಾಣದ ಕಡಲಿಗೆ ಕೈಚಾಚಿದ ನನಗೆ ಹೇಳಲೇಬೇಕಾದದ್ದು ಏನಿತ್ತು?

ಮರುದಿನ ಮಗುವನ್ನು ಕರೆದುಕೊಂಡು ಮಠಕ್ಕೆ ಹೋದೆ. ಅವಳು ಮರದ ಬುಡಕ್ಕೆ ಕೈಯಾನಿಸಿ ಬಹಳ ಹೊತ್ತು ನಿಂತಳು. ಆಮೇಲೆ ಕೇಳಿದಳು: "ಮಾಮಾ, ಇದು ಆನಿ ಕಾಲು. ಆನಿ ಎಲ್ಲೈತಿ?" ನಾನು ಎಷ್ಟು ಸಲ ಆ ಹಾದಿಯಲ್ಲಿ ತಿರುಗಾಡಿಲ್ಲ! ನನಗೆ ಅಲ್ಲಿ ಒಂದು ದಿನವೂ ಆನೆ ಕಂಡಿರಲಿಲ್ಲ. ನಾನು ಟೊಪ್ಪಿಗೆಯನ್ನು ಕಾಣುವವರ ಸಾಲಿಗೆ ಸೇರಿಹೋಗಿದ್ದೆ.

ಇನ್ನು ಸೋದರಮಾವನ ಸಂಗತಿ. ಆತ ಬೋರ್ಡು ಬರೆಯುವವ. ಒಂದು ಕಾಲಕ್ಕೆ ನಮ್ಮ ಪೇಟೆಯ ಕಿರಾಣಿ ಅಂಗಡಿ, ಔಷಧಿ ಅಂಗಡಿ, ಹಿಟ್ಟಿನ ಗಿರಣಿಗಳ ಹೆಸರು ಅವನ ಕುಂಚದಿಂದಲೇ ಮೂಡಬೇಕಿತ್ತು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಮಿಡಿದು ಗೆರೆ ಹಾಕುವುದು, ಅಕ್ಷರಕ್ಕೆ ನೆರಳು ಕೊಡುವುದು, ಕೊನೆಗೆ ಕೆಳಗಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ತನ್ನ ಹೆಸರು ಬರೆಯುವುದು: ಇದನ್ನೆಲ್ಲ ನೋಡುತ್ತಲೇ ನಾನು ಅಕ್ಷರ ಕಲಿತೆ. ಫ್ಲೆಕ್ಸ್ ಬಂದ ಮೇಲೆ ಅವನ ಕೆಲಸ ಕೈಬಿಟ್ಟಿತು. ಕಳೆದ ವರ್ಷ ನಮ್ಮ ಸ್ನೇಹ ಸಮ್ಮೇಲನದ ಬೋರ್ಡನ್ನು ಬಿಟ್ಟಿಯಾಗಿ ಬರೆದುಕೊಡುವೆನೆಂದು ಆತ ತಾನಾಗಿಯೇ ಹೇಳಿದ್ದ. ಗೆಳೆಯರು ನಕ್ಕಾರೆಂಬ ಅಂಜಿಕೆಯಿಂದ "ಫ್ಲೆಕ್ಸ್‌ಗೆ ಆಗಲೇ ರೊಕ್ಕಾ ಕೊಟ್ಟೇವ್ರಿ ಮಾಮಾ" ಎಂದೆ. ಅದು ಸುಳ್ಳು. ಆತ "ಇರ್ಲಿ ಬಿಡಪಾ" ಎಂದು ಸುಮ್ಮನಾದ. ಈ ಲೇಖನವನ್ನು ಬರೆಯಲು ಆ ಸುಳ್ಳೂ ಒಂದು ಕಾರಣ.

ಮಗುವಿಗಾಗಿ ಆ ಮರವನ್ನು ಬರೆದುಕೊಡೆಂದು ಮೊನ್ನೆ ಅವನನ್ನು ಕೇಳಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದ್ದಿಲಿನಿಂದ ನಾಲ್ಕೈದು ಗೆರೆ ಎಳೆದ. ಕಾಂಡ ಹಾಳೆಯ ಮೇಲಂಚನ್ನು ದಾಟಿ ಹೊರಗೆ ಹೋಗಿತ್ತು, ಕೊಂಬೆಯಿಲ್ಲ, ಎಲೆಯಿಲ್ಲ. ಬುಡದಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಹುಡುಗಿ. "ತುದಿ ಯಾಕ ಬಿಟ್ರಿ ಮಾಮಾ?" ಎಂದೆ. "ಎಲ್ಲಾ ತೋರ್ಸಾಕ ಹೋದ್ರ ಗಿಡಾ ಸಣ್ಣದಾಕ್ಕೈತಿ" ಎಂದ. ಮೂರು ವರ್ಷ ಸಾಹಿತ್ಯವನ್ನು ಓದಿಯೂ ನನಗೆ ಮನದಟ್ಟಾಗದ ತತ್ತ್ವ ಒಂದೇ ಮಾತಿನಲ್ಲಿ ಮನದಟ್ಟಾಯಿತು.

ಮಾವನೊಬ್ಬನೇ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಮಾಡುವ ಜೋಡೆತ್ತುಗಳನ್ನು ನೋಡಿರಿ. ಒಂದು ಮುದ್ದೆ ಮಣ್ಣು, ಹಿಂಡಿದ ಹಿಣಿಲು, ಜಗ್ಗಿದ ಕೋಡು; ಕಣ್ಣು ಕಿವಿಗಳ ಗೊಡವೆಯಿಲ್ಲ. ಆದರೂ ಅದು ಎತ್ತೇ. ಎಮ್ಮೆಯೆಂದು ಯಾವ ಮಗುವೂ ಹೇಳುವುದಿಲ್ಲ. ಕಸೂತಿ ಹಾಕುವ ನಮ್ಮ ಅಜ್ಜಿಯರು ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ತೇರನ್ನೂ ಗೋಪುರವನ್ನೂ ನವಿಲನ್ನೂ ಸೀರೆಯ ಮೇಲೆ ತಂದು ನಿಲ್ಲಿಸುತ್ತಾರೆ. ನೆರೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರರ ಕಲ್ಪನೆಯಿಂದ ಮೈತಳೆದ ಉತ್ಸವ ರಾಕ್ ಗಾರ್ಡನ್ನಿಗೆ ಜನ ದೂರದೂರದಿಂದ ಬರುತ್ತಾರೆ. ಅಲ್ಲಿ ಅವರು ನೋಡುವುದೇನು? ನಮ್ಮ ಹಳ್ಳಿಯ ಬದುಕನ್ನೇ. ನಾವು ದಿನವೂ ಕಂಡು ಕಾಣದಂತೆ ದಾಟಿ ಹೋಗುವುದನ್ನೇ ಅಲ್ಲಿ ಟಿಕೆಟು ಕೊಂಡು ಕಣ್ಣರಳಿಸಿ ನೋಡುತ್ತೇವೆ.

"ಇದೆಲ್ಲ ಬಾವಿಯ ಕಪ್ಪೆಯ ವಾದ. ದೊಡ್ಡ ಸಾಹಿತ್ಯ ಬೇಕಾದರೆ ಊರು ಬಿಟ್ಟು ಹೊರಗೆ ಹೋಗಬೇಕು" ಎಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಸವಣೂರಿನಲ್ಲಿಯೇ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋದವರು, 'ಭಾರತ ಸಿಂಧು ರಶ್ಮಿ'ಯಂಥ ಮಹಾಕಾವ್ಯವನ್ನು ರಚಿಸಿದವರು, ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರು ಎಂದೂ ಅವರು ನೆನಪಿಸಬಹುದು. ನಿಜ. ಹೊರಗೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ. ಆದರೆ ಅವರು 'ಸಮುದ್ರ ಗೀತೆಗಳು' ಬರೆದುದು ಸಮುದ್ರವನ್ನು ಕಣ್ಣಾರೆ ಕಂಡ ಮೇಲೆ. ನಾನು ಹೊರಟಿದ್ದುದು ಕಾಣದೆಯೇ. ಎಲ್ಲಿದ್ದರೂ ಎದುರಿಗಿದ್ದುದನ್ನು ಕಾಣುವವನಿಗೆ ಊರೂ ಸಾಲುತ್ತದೆ, ಲೋಕವೂ ಸಾಲುತ್ತದೆ. ಕಾಣದವನಿಗೆ ಎರಡೂ ಸಾಲವು.

ಊರಿನದೆಂದ ಮಾತ್ರಕ್ಕೆ ಎಲ್ಲವೂ ಸೊಗಸೆಂದೂ ನಾನು ವಾದಿಸಲಾರೆ. ಕ್ಯಾಲೆಂಡರಿನ ದೇವರನ್ನು ಇದ್ದಕ್ಕಿದ್ದಂತೆ ನಕಲು ಮಾಡುವವರು ನಮ್ಮಲ್ಲಿಯೂ ಇದ್ದಾರೆ. ಮಕ್ಕಳ ಪುಸ್ತಕಗಳಲ್ಲಿಯೂ ಪುಟಕ್ಕೊಂದು ನೀತಿಯನ್ನು ಕಷಾಯದಂತೆ ಕುಡಿಸುವವು ಬಹಳ. ಆರಿಸಿ ನೋಡುವ ವಿವೇಕ ನಮ್ಮದಾಗಬೇಕು.

ಕೊನೆಯಲ್ಲಿ ನನ್ನ ಸೂಚನೆಗಳು ಎರಡೇ. ಮೊದಲನೆಯದು, ನಮ್ಮಂಥ ಕಾಲೇಜುಗಳ ಗ್ರಂಥಾಲಯದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಒಂದು ಕಪಾಟು ಇರಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. 1957ರಲ್ಲಿ ಸ್ಥಾಪನೆಯಾದ ನ್ಯಾಶನಲ್ ಬುಕ್ ಟ್ರಸ್ಟ್, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮೊದಲಾದ ಸಂಸ್ಥೆಗಳು ಕಡಿಮೆ ಬೆಲೆಗೆ ಕನ್ನಡದಲ್ಲಿ ಇಂಥ ಪುಸ್ತಕಗಳನ್ನು ಕೊಡುತ್ತಿವೆ. ಎರಡನೆಯದು, ಬರುವ ವರ್ಷ ನಾವು ವಿದ್ಯಾರ್ಥಿಗಳೇ ಕೂಡಿ ಸವಣೂರಿನ ಮಕ್ಕಳಿಗಾಗಿ ಹದಿನಾರು ಪುಟದ ಒಂದು ಚಿತ್ರಪುಸ್ತಕವನ್ನು ತರೋಣ. ಮಾತು ನಮ್ಮದಿರಲಿ, ಚಿತ್ರ ಊರಿನ ಕಲಾವಿದರದಿರಲಿ. ಆದರೆ ಅವರಿಂದ ಬಿಟ್ಟಿ ಕೆಲಸ ಬೇಡ. ಶಾಲು ಹೊದಿಸಿ ಹಾರ ಹಾಕಿದರೆ ಬಣ್ಣದ ಡಬ್ಬಿ ತುಂಬುವುದಿಲ್ಲ. ಫ್ಲೆಕ್ಸಿಗೆ ಕೊಡುವ ಹಣವನ್ನು ಒಂದು ವರ್ಷ ಕುಂಚಕ್ಕೆ ಕೊಟ್ಟು ನೋಡೋಣ.

ಸಂಪಾದಕರು ಕೇಳಿದ ಕವಿತೆಯನ್ನು ನಾನು ಕೊಡಲಿಲ್ಲ, ಅದಕ್ಕೆ ಕ್ಷಮೆಯಿರಲಿ. ಆ ನೋಟುಬುಕ್ಕಿನಲ್ಲಿ 'ಕಡಲು' ಎಂಬುದನ್ನು ಹೊಡೆದುಹಾಕಿ ಎಂಟು ಸಾಲುಗಳ ಒಂದು ಕಥೆ ಬರೆದಿದ್ದೇನೆ: ಒಂದು ಹುಡುಗಿ ಆನೆಯನ್ನು ಹುಡುಕಿಕೊಂಡು ಹೋಗುತ್ತಾಳೆ, ಕಾಲು ಮಾತ್ರ ಸಿಗುತ್ತದೆ. ಅಕ್ಕನ ಮಗಳಿಗೆ ಓದಿ ತೋರಿಸಿದೆ. "ಇನ್ನೊಮ್ಮಿ" ಎಂದಳು. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಸದ್ಯಕ್ಕೆ ಬೇಡ.

ಮಾವನ ಇದ್ದಿಲಿನ ಚಿತ್ರವನ್ನು ಈ ಲೇಖನದೊಡನೆ ಕಳಿಸಿದ್ದೇನೆ. ಪತ್ರಿಕೆಯಲ್ಲಿ ಸ್ಥಳವಿದ್ದರೆ ಅಚ್ಚು ಹಾಕಿಸಬೇಕು. ಕೆಳಗಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ಒಂದು ಹೆಸರಿದೆ. ಚಿತ್ರವನ್ನು ಕತ್ತರಿಸುವಾಗ ದಯವಿಟ್ಟು ಅದನ್ನು ಬಿಡಬಾರದೆಂದು ಸಂಪಾದಕ ಮಂಡಳಿಯಲ್ಲಿ ನನ್ನ ವಿನಂತಿ.