ರಂಗೋಲಿ ಕೆಳಗೆ ತೂರುವ ಕಂಪನಿಗಳು

ಆ್ಯಪ್ ತಯಾರಕರು ಪ್ಲೇ ಸ್ಟೋರ್‌ನಲ್ಲಿ ನಿಮ್ಮದೇ ಪಾವತಿ ವ್ಯವಸ್ಥೆ ಬಳಸಬೇಕೆಂಬ ಕಟ್ಟಳೆ ಕೈಬಿಡಿ ಎಂದು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ಹೇಳಿತು. ಗೂಗಲ್ ಬೇರೆ ದಾರಿ ತೆರೆಯಿತು. ಆದರೆ ಆ ದಾರಿಯಲ್ಲೂ ಸುಂಕ ಕಟ್ಟಬೇಕು: ಶೇ 30 ಕೊಡುತ್ತಿದ್ದವರು ಶೇ 26 ಕೊಡಬೇಕು. ಹೊರಗಿನ ಪಾವತಿ ಸಂಸ್ಥೆಯ ಶುಲ್ಕವನ್ನೂ ಕೂಡಿಸಿದರೆ ಉಳಿಯುವುದೇನು? ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಈ ಚಾಣಾಕ್ಷತನ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಆಪಲ್‌ನ ಉದಾಹರಣೆ ಇದೆ.

ಆ್ಯಪ್ ಸ್ಟೋರ್ ನಿಯಮಗಳ ವಿರುದ್ಧ ಗೇಮ್ ತಯಾರಕ ಎಪಿಕ್ ಗೇಮ್ಸ್ ಹೂಡಿದ ಮೊಕದ್ದಮೆಯ ಹತ್ತು ಆಪಾದನೆಗಳಲ್ಲಿ ಒಂಬತ್ತನ್ನು ಆಪಲ್ 2021ರಲ್ಲಿ ಗೆದ್ದಿತ್ತು. ಸೋತದ್ದು ಒಂದೇ: ಹೊರಗೆ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಗ್ರಾಹಕರಿಗೆ ತಿಳಿಸಲು ಆ್ಯಪ್‌ನವರಿಗೆ ಬಿಡಬೇಕಿತ್ತು. ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 2024ರ ಜನವರಿಯಲ್ಲಿ ಕಂಪನಿ ಹೊರಗಿನ ಖರೀದಿಗೂ ಶೇ 27 ಕಮಿಷನ್ ವಿಧಿಸಿತು, ಲಿಂಕ್ ಒತ್ತಿದವರನ್ನು ಬೆದರಿಸುವ ಎಚ್ಚರಿಕೆಯ ಪರದೆಯನ್ನೂ ಇಟ್ಟಿತು. 2025ರ ಏಪ್ರಿಲ್ 30ರಂದು ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರೋಜರ್ಸ್, ಇದು ಉದ್ದೇಶಪೂರ್ವಕ ನ್ಯಾಯಾಂಗ ನಿಂದನೆ ಎಂದು ತೀರ್ಪಿತ್ತು ಕಮಿಷನ್ ಅನ್ನೇ ರದ್ದು ಮಾಡಿದರು. ಹಿರಿಯ ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಸುಳ್ಳು ಹೇಳಿದರೆಂದೂ ದಾಖಲಿಸಿ, ಕ್ರಿಮಿನಲ್ ಪರಿಶೀಲನೆಗೆ ವಿಷಯವನ್ನು ಸರ್ಕಾರಿ ವಕೀಲರಿಗೆ ಒಪ್ಪಿಸಿದರು. ಆದೇಶ ಪಾಲಿಸೋಣ ಎಂದಿದ್ದ, ಆ್ಯಪ್ ಸ್ಟೋರ್ ಹೊಣೆ ಹೊತ್ತಿದ್ದ ಫಿಲ್ ಶಿಲ್ಲರ್ ಮಾತನ್ನು ಆಗ ಸಿಇಒ ಆಗಿದ್ದ ಟಿಮ್ ಕುಕ್ ಕಡೆಗಣಿಸಿದ್ದೂ ಬಯಲಾಯಿತು. ಕಂಪನಿಯ ಆಂತರಿಕ ಕಾಗದಗಳೇ ಅದರ ವಿರುದ್ಧ ಸಾಕ್ಷಿ ನುಡಿದವು. ಶೂನ್ಯ ಕಮಿಷನ್ ಅತಿಯಾಯಿತೆಂದು ಮೇಲ್ಮನವಿ ನ್ಯಾಯಾಲಯ ಆಮೇಲೆ ಹೇಳಿದೆ. ನಿಂದನೆಯ ತೀರ್ಪನ್ನು ಮಾತ್ರ ಎತ್ತಿಹಿಡಿದಿದೆ.

ಭಾರತದಲ್ಲಿ ಗೂಗಲ್‌ಗೆ 2022ರ ಅದೇ ಆದೇಶದಲ್ಲಿ ಆಯೋಗ ವಿಧಿಸಿದ್ದ 936 ಕೋಟಿ ರೂಪಾಯಿ ದಂಡವನ್ನು 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಸುಮಾರು 216 ಕೋಟಿಗೆ ಇಳಿಸಿತು. ಇದನ್ನು ನೆಮ್ಮದಿಯ ಸುದ್ದಿ ಎಂದು ಓದಿಕೊಂಡ ಕಂಪನಿ ಮೋಸ ಹೋಗುತ್ತದೆ. 2023ರ ತಿದ್ದುಪಡಿಯ ನಂತರ ದಂಡವನ್ನು ಜಾಗತಿಕ ವಹಿವಾಟಿನ ಮೇಲೆ ಲೆಕ್ಕ ಹಾಕಲು ಆಯೋಗಕ್ಕೆ ಅಧಿಕಾರ ಬಂದಿದೆ. ಆಪಲ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿರುವುದು ಈ ನಿಯಮದ ವಿರುದ್ಧವೇ.

ಬೆಂಗಳೂರಿನ ಪುಟ್ಟ ಆ್ಯಪ್ ಕಂಪನಿಗೆ ಈ ಶೇ 26 ಎಂದರೆ ಇಬ್ಬರು ಎಂಜಿನಿಯರ್‌ಗಳ ಸಂಬಳವಿರಬಹುದು, ಬಾಗಿಲು ಮುಚ್ಚುವ ತಿಂಗಳೂ ಇರಬಹುದು. ಅವರಿಗೆ ವರ್ಷಗಟ್ಟಲೆ ಕಾಯುವ ಶಕ್ತಿಯಿಲ್ಲ. ಗೂಗಲ್‌ನ ಈ ಶುಲ್ಕದ ಬಗ್ಗೆ 2024ರ ಮಾರ್ಚ್‌ನಲ್ಲಿ ತನಿಖೆಗೆ ಆದೇಶಿಸಿದ ಆಯೋಗ, ಆ ದರ ಹೇಗೆ ನಿಗದಿಯಾಯಿತು ಎಂಬ ಆಂತರಿಕ ಲೆಕ್ಕಪತ್ರಗಳನ್ನು ಮೊದಲು ತರಿಸಿಕೊಳ್ಳಲಿ.