ಹವ್ಯಾಸಕ್ಕೆ ಹಿಡಿದ ತುಕ್ಕು

ನಿವೃತ್ತರಾದ ನಾಲ್ವರು ಒಂದೆಡೆ ಸೇರಿದರೆ ಸಾಮಾನ್ಯವಾಗಿ ಎರಡು ವಿಷಯಗಳ ಚರ್ಚೆ ನಡೆಯುತ್ತದೆ. ಒಂದು ಆರೋಗ್ಯ, ಇನ್ನೊಂದು ಪಿಂಚಣಿ. ಇತ್ತೀಚೆಗೆ ಇವುಗಳ ಜೊತೆಗೆ ಮೂರನೆಯದೊಂದು ಮಾತು ಸೇರಿಕೊಂಡಿರುವುದನ್ನು ಗಮನಿಸುತ್ತಿದ್ದೇನೆ. "ಯಾಕೋ ಯಾವುದರಲ್ಲೂ ಮೊದಲಿನ ಆಸಕ್ತಿ ಇಲ್ಲ ಮಾರಾಯರೆ" ಎಂಬುದು ಆ ಮಾತು. ಸೇವೆಯಲ್ಲಿದ್ದಷ್ಟು ಕಾಲ ಸಮಯ ಸಿಗುವುದಿಲ್ಲವೆಂದು ಕೊರಗುತ್ತ ಭಾನುವಾರಕ್ಕಾಗಿ ಕಾದು ಕಾಪಾಡಿಕೊಂಡು ಬಂದ ಹವ್ಯಾಸಗಳು, ಏಳು ದಿನವೂ ಭಾನುವಾರವಾದ ಮೇಲೆ ಮೂಲೆ ಸೇರುತ್ತವೆ. ಹಾರ್ಮೋನಿಯಂ ಮೇಲೆ ಧೂಳು ಕೂರುತ್ತದೆ, ಅಂಚೆಚೀಟಿಯ ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆ. ನನಗೆ ಹತ್ತಿರದಿಂದ ಗೊತ್ತಿರುವ ಹವ್ಯಾಸ ಮರಗೆಲಸ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು, ಆಸಕ್ತಿ ಏಕೆ ಹೋಗುತ್ತದೆ, ಹೋದದ್ದು ಹೇಗೆ ಮರಳುತ್ತದೆ ಎಂಬುದರ ಬಗ್ಗೆ ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಡಗಿಗೆ ಮರಗೆಲಸ ಕಾಯಕ. ನಮ್ಮಂಥವರಿಗೆ ಅದು ಹವ್ಯಾಸ. 12ನೆಯ ಶತಮಾನದ ವಚನಕಾರರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಶರಣನಿದ್ದ. ಬಾಚಿಯೆಂಬ ಉಪಕರಣವೇ ಅವನ ಹೆಸರಿನ ಭಾಗವಾಗಿ ಇಂದಿಗೂ ಉಳಿದಿದೆ. ಬಡಗಿಯಾದವನು ಬೆಳಿಗ್ಗೆ ಎದ್ದು "ಇಂದು ನನಗೆ ಉತ್ಸಾಹವಿದೆಯೇ" ಎಂದು ತನ್ನನ್ನು ತಾನು ಕೇಳಿಕೊಳ್ಳುವುದಿಲ್ಲ. ಸಂಜೆಯೊಳಗೆ ಬಾಗಿಲಿಗೆ ಚೌಕಟ್ಟು ಕೂರಬೇಕು, ಮನೆಗೆ ಅಕ್ಕಿ ಹೋಗಬೇಕು. ಹವ್ಯಾಸಿಗೆ ಅಂಥ ಒತ್ತಾಯವಿಲ್ಲ. ಒತ್ತಾಯವಿಲ್ಲದಿರುವುದೇ ಹವ್ಯಾಸದ ಸುಖ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಮನಸ್ಸು ಒಲ್ಲೆನೆಂದ ದಿನ ನಮ್ಮನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ.

ನನ್ನ ಅನುಭವವನ್ನೇ ಹೇಳುವುದಾದರೆ, ನಿವೃತ್ತಿಯ ನಂತರದ ಮೊದಲ ಎರಡು ವರ್ಷ ಮನೆಯ ಹಿಂದಿನ ಸೌದೆಕೊಟ್ಟಿಗೆಯೇ ನನ್ನ ತರಗತಿಯಾಗಿತ್ತು. ಹಳೆಯ ಮನೆಯನ್ನು ಬಿಚ್ಚಿದಾಗ ಉಳಿದ ಹಲಸಿನ ಹಲಗೆಗಳಿದ್ದವು. ಅವುಗಳಿಂದ ಊಟದ ಮಣೆ, ಗೋಡೆಯ ಗೂಡು, ಚೆನ್ನೆಮಣೆ ಮುಂತಾದವನ್ನು ಮಾಡಿದೆ. ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ವ್ಯಾಸಪೀಠ. ಒಂದೇ ಹಲಗೆಯನ್ನು ಅದರ ದಪ್ಪದಲ್ಲಿ ಸೀಳಿ, ನಡುವೆ ಎರಡು ಕೈಗಳ ಬೆರಳು ಹೆಣೆದಂತಿರುವ ಕೀಲನ್ನು ಅದೇ ಮರದಲ್ಲಿ ಬಿಡಿಸಿದರೆ, ಅದು ತೆರೆದಾಗ ಗುಣಾಕಾರದ ಚಿಹ್ನೆಯಂತೆ ನಿಲ್ಲುತ್ತದೆ, ಮಡಚಿದಾಗ ಮತ್ತೆ ಹಲಗೆಯಾಗುತ್ತದೆ. ಮೊಳೆ ಬೇಡ, ಅಂಟು ಬೇಡ. ಉಳಿಯ ಒಂದು ಏಟು ಹೆಚ್ಚಾದರೆ ಕೀಲಿನ ಬೆರಳು ಮುರಿದು ಇಡೀ ಹಲಗೆ ವ್ಯರ್ಥ. ಆ ಆತಂಕದಲ್ಲಿಯೇ ಅದರ ಸೊಗಸಿದೆ.

ಅದನ್ನು ಕಂಡ ಬಂಧುವೊಬ್ಬರು ತಮಗೂ ಒಂದು ಬೇಕೆಂದರು. ಸಂತೋಷದಿಂದಲೇ ಮಾಡಿಕೊಟ್ಟೆ. ಅವರ ಮನೆಯಲ್ಲಿ ನೋಡಿದವರು ಗೃಹಪ್ರವೇಶದ ಉಡುಗೊರೆಗೆಂದು ಆರು ಬೇಕೆಂದರು, ಹಣ ಕೊಡುತ್ತೇವೆಂದೂ ಹೇಳಿದರು. ಯಾರೋ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚಿದರು. "ಮೇಷ್ಟ್ರೇ, ನಮ್ಮದು ಎಲ್ಲಿಗೆ ಬಂತು?" ಎಂಬ ವಿಚಾರಣೆಗಳು ಆರಂಭವಾದವು. ನಾಲ್ಕನೆಯ ಪೀಠವನ್ನು ಮುಗಿಸುವ ಹೊತ್ತಿಗೆ ಕೊಟ್ಟಿಗೆಯ ಕಡೆಗೆ ಕಾಲೇ ಏಳದಾಯಿತು. ಒಪ್ಪಿಕೊಂಡಷ್ಟನ್ನು ಹೇಗೋ ಪೂರೈಸಿ ಬಾಗಿಲಿಗೆ ಚಿಲಕ ಹಾಕಿದವನು ಮುಂದಿನ ಒಂದೂವರೆ ವರ್ಷ ಅದನ್ನು ತೆಗೆಯಲಿಲ್ಲ.

ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಕೇಳಿದವರೆಲ್ಲ ಪ್ರೀತಿಯಿಂದಲೇ ಕೇಳಿದವರು. ಆದರೆ ಪ್ರೀತಿಯ ಬೇಡಿಕೆಯೂ ಬೇಡಿಕೆಯೇ. ಶಿಕ್ಷಣ ಮನೋವಿಜ್ಞಾನವನ್ನು ಓದಿದವರಿಗೆ ಒಂದು ಪ್ರಯೋಗದ ಪರಿಚಯವಿರಬಹುದು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಅಮೆರಿಕದ ಮನೋವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಸಹಜವಾಗಿಯೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮುಂಚಿತವಾಗಿಯೇ ತಿಳಿಸಿದರು. ಎರಡನೆಯ ಗುಂಪಿಗೆ ಏನನ್ನೂ ಹೇಳದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಕೆಲವು ದಿನಗಳ ನಂತರ, ಬಹುಮಾನದ ಮಾತೇ ಇಲ್ಲದೆ ಬಣ್ಣದ ಪೆನ್ನುಗಳನ್ನು ಮಕ್ಕಳ ನಡುವೆ ಇಟ್ಟು ದೂರದಿಂದ ಗಮನಿಸಿದಾಗ, ಬಹುಮಾನದ ಆಸೆಯಿಂದ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಆಟವಾಗಿದ್ದದ್ದು ಅವರ ಪಾಲಿಗೆ ಕೆಲಸವಾಗಿಬಿಟ್ಟಿತ್ತು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಕುಂದಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಮೆಚ್ಚುಗೆಯಿಂದ ಹಾನಿಯಾಗುವುದಿಲ್ಲ, ಮೆಚ್ಚುಗೆಯ ಸಲುವಾಗಿ ಕೆಲಸ ಮಾಡತೊಡಗಿದಾಗ ಹಾನಿ ಆರಂಭವಾಗುತ್ತದೆ. ಅರವತ್ತು ದಾಟಿದವರ ಮನಸ್ಸೂ ಈ ವಿಷಯದಲ್ಲಿ ಶಿಶುವಿಹಾರದ ಮಕ್ಕಳದ್ದೇ ಎಂದು ನನ್ನ ನಂಬಿಕೆ.

ಆಸಕ್ತಿ ಹೋಗಲು ಇನ್ನೆರಡು ಕಾರಣಗಳಿವೆ. ಒಂದು, ಶಕ್ತಿಗೆ ಮೀರಿದ ಕೆಲಸವನ್ನು ಕೈಗೆತ್ತಿಕೊಳ್ಳುವುದು. ನನಗೆ ಪರಿಚಿತರಾದ ಒಬ್ಬ ನಿವೃತ್ತ ಇಂಜಿನಿಯರರು ತೂಗುಮಂಚವೊಂದನ್ನು ಆರಂಭಿಸಿದರು. ಎರಡು ಮಳೆಗಾಲ ಕಳೆದರೂ ಅದು ಮುಗಿದಿಲ್ಲ. ಕೋಣೆಯ ಬಾಗಿಲು ತೆರೆದೊಡನೆ ಅರ್ಧ ಮಂಚ ಅವರನ್ನು ದುರುಗುಟ್ಟಿ ನೋಡುತ್ತದಂತೆ. ಈಗ ಅವರು ಆ ಬಾಗಿಲನ್ನೇ ತೆರೆಯುವುದಿಲ್ಲ. ಇನ್ನೊಂದು ಕಾರಣ ದೇಹ. ಕಣ್ಣು ಮಂಜಾಗಿ ಪೆನ್ಸಿಲಿನ ಗೆರೆ ಕಾಣದಿದ್ದರೆ, ಮಂಡಿ ನೋವಿನಿಂದ ನೆಲದಲ್ಲಿ ಕೂರಲಾಗದಿದ್ದರೆ, ಗರಗಸದ ಹುಡಿಗೆ ಕೆಮ್ಮು ಬರುತ್ತಿದ್ದರೆ ಮನಸ್ಸು ತಾನಾಗಿಯೇ ಹಿಂಜರಿಯುತ್ತದೆ. ಇದನ್ನು ನಾವು ಆಸಕ್ತಿಯ ಕೊರತೆಯೆಂದು ತಿಳಿಯುತ್ತೇವೆ. ಒಳ್ಳೆಯ ದೀಪ, ಸೊಂಟದ ಎತ್ತರದ ಮೇಜು, ಮೂಗಿಗೊಂದು ಮಾಸ್ಕ್ ಒದಗಿದರೆ ಅರ್ಧ ಆಸಕ್ತಿ ಅಲ್ಲಿಯೇ ಮರಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಒಂದು ಹವ್ಯಾಸ ಮಾತ್ರ ಬೇಸರವಾಗುವುದು ಬೇರೆ. ಊಟ, ನಿದ್ರೆ, ಮೊಮ್ಮಕ್ಕಳ ಮಾತು ಎಲ್ಲವೂ ರುಚಿ ಕಳೆದುಕೊಳ್ಳುವುದು ಬೇರೆ. ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಎರಡು ವಾರಗಳಿಗೂ ಹೆಚ್ಚು ಕಾಲ ಆಸಕ್ತಿ ಮೂಡದಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಅದಕ್ಕೆ ಉಳಿಯಲ್ಲಿ ಮದ್ದಿಲ್ಲ, ವೈದ್ಯರಲ್ಲಿದೆ. "ವಯಸ್ಸಾಯಿತು, ಇದೆಲ್ಲ ಸಹಜ" ಎಂದು ಮನೆಯವರು ತಳ್ಳಿಹಾಕಬಾರದು.

"ಆಸಕ್ತಿ ಹೋಯಿತೆಂದರೆ ಬಿಟ್ಟುಬಿಡಿ. ಹವ್ಯಾಸವೇನು ಸರ್ಕಾರಿ ನೌಕರಿಯೇ?" ಎಂದು ಕೇಳುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹೊಲವನ್ನು ಒಂದು ವರ್ಷ ಬೀಳು ಬಿಡುವ ರೈತ ಬೇಸಾಯವನ್ನು ತೊರೆದವನಲ್ಲ. ಹವ್ಯಾಸಕ್ಕೂ ಅಂಥ ಬಿಡುವು ಬೇಕಾಗುತ್ತದೆ. ಆದರೆ ರೈತ ಬೀಳು ಬಿಟ್ಟ ಹೊಲದ ಬೇಲಿಯನ್ನು ನೋಡಿಕೊಳ್ಳುತ್ತಾನೆ, ಬದುವಿನ ಮೇಲೆ ಆಗಾಗ ನಡೆದಾಡಿ ಬರುತ್ತಾನೆ. ನಾವು ಉಪಕರಣಗಳನ್ನು ಮಾರಿ, ಕೊಟ್ಟಿಗೆಯಲ್ಲಿ ಹಳೆಯ ಸೋಫಾ ತುಂಬಿಸಿದರೆ ಅದು ಬಿಡುವಾಗುವುದಿಲ್ಲ. ಇನ್ನೂ ಒಂದು ಮಾತಿದೆ. ಇಪ್ಪತ್ತರ ಹರೆಯದಲ್ಲಿ ಒಂದು ಹವ್ಯಾಸ ಹೋದರೆ ಇನ್ನೊಂದು ಬರುತ್ತದೆ. ನಮ್ಮ ವಯಸ್ಸಿನಲ್ಲಿ ಹೋದ ಜಾಗವನ್ನು ತುಂಬಲು ಸಿದ್ಧವಾಗಿರುವುದು ದೂರದರ್ಶನದ ಧಾರಾವಾಹಿಯೂ ಮೊಬೈಲೂ ಮಾತ್ರ. ಕೈಗಳು ಸುಮ್ಮನಾದರೆ ದಿನಗಳೂ ಒಂದರಂತೆ ಒಂದಾಗುತ್ತವೆ. ಆದ್ದರಿಂದ ಮರಳಿಸಿಕೊಳ್ಳುವ ಪ್ರಯತ್ನವನ್ನು ಮಾಡಲೇಬೇಕು.

ಹೇಗೆ? ನನ್ನ ಮಟ್ಟಿಗೆ ಉತ್ತರ ದೊರೆತದ್ದು ಒಂದು ಜೂನ್ ತಿಂಗಳಿನಲ್ಲಿ. ಮಲೆನಾಡಿನ ಮಳೆಗೆ ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲುಗಳು ಹೊಸ್ತಿಲಿಗೆ ಕಚ್ಚಿಕೊಳ್ಳುತ್ತವೆ. ಹಿತ್ತಿಲ ಬಾಗಿಲನ್ನು ಕೀಸಲು ಊರಿನ ಹಿರಿಯ ಬಡಗಿಯೊಬ್ಬರು ಬಂದಿದ್ದರು. ಮೂಲೆಯನ್ನು ತೆಗೆಯಲು ಅಗಲ ಕಡಿಮೆಯಿರುವ ಉಳಿ ಬೇಕಾಗಿ ನನ್ನದನ್ನು ಕೇಳಿದರು. ತಂದುಕೊಟ್ಟೆ. ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದವರು ಬಾಗಿಲಿನ ಕೆಲಸವನ್ನು ಅಲ್ಲಿಯೇ ಬಿಟ್ಟು, ಜಗಲಿಯ ಮೇಲೆ ಸಾಣೆಕಲ್ಲನ್ನಿಟ್ಟು ಮಸೆಯತೊಡಗಿದರು. "ಕಬ್ಬಿಣಕ್ಕೆ ನಾವು ಕೆಲಸ ಕೊಡದೆ ಇದ್ರೆ ತುಕ್ಕು ಕೊಡ್ತದೆ ಮೇಷ್ಟ್ರೇ" ಎಂದು ನಕ್ಕರು. ಇನ್ನೊಂದು ಉಳಿಯನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಲು ಹೇಳಿದರು. ಕಲ್ಲಿಗೆ ನೀರು ಚಿಮುಕಿಸಿ, ಓರೆಯ ಕೋನ ಬದಲಾಗದಂತೆ ಹಿಡಿದು, ಹಿಂದೆ ಮುಂದೆ ಎಳೆಯುತ್ತ ಮುಕ್ಕಾಲು ಗಂಟೆ ಕಳೆದದ್ದು ತಿಳಿಯಲಿಲ್ಲ. ಮಸೆದ ಉಳಿಯನ್ನು ಒಂದು ತುಂಡು ಮರದ ಮೇಲೆ ಪರೀಕ್ಷಿಸಿದಾಗ ಚಕ್ಕೆ ಕಾಗದದಂತೆ ಸುರುಳಿ ಸುತ್ತಿ ಬಂತು. ಹರಿತವಾದ ಉಳಿ ಕೈಯಲ್ಲಿರುವಾಗ ಏನನ್ನಾದರೂ ಕೆತ್ತದೆ ಇರುವುದು ಕಷ್ಟ. ಮರುದಿನ ಕೊಟ್ಟಿಗೆಯ ಚಿಲಕವನ್ನು ನಾನೇ ತೆಗೆದೆ.

ಆ ಬಡಗಿ ನನಗೆ ಹುರುಪಿನ ಉಪದೇಶವನ್ನು ಮಾಡಲಿಲ್ಲ, ಕೈಗೊಂದು ಕೆಲಸ ಕೊಟ್ಟರು. ಉತ್ಸಾಹ ಬರಲಿ, ಆಮೇಲೆ ಕೂರೋಣ ಎಂದು ಕಾಯುವವರಿಗೆ ಅದು ಬರುವುದೇ ಇಲ್ಲ. ಕೂತ ಕಾಲು ಗಂಟೆಯ ಮೇಲೆ ಅದು ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಗಣಿತದ ಪುಸ್ತಕವನ್ನು ತೆರೆಯಲು ಹೆದರುವ ವಿದ್ಯಾರ್ಥಿಗೆ ಸುಲಭದ ಒಂದು ಲೆಕ್ಕವನ್ನು ಕೊಟ್ಟು ಕೂರಿಸುವ ಉಪಾಯ ಅಧ್ಯಾಪಕರಿಗೆಲ್ಲ ಗೊತ್ತಿರುವುದೇ. ಅದನ್ನು ನಮಗೆ ನಾವೇ ಅನ್ವಯಿಸಿಕೊಳ್ಳಬೇಕು.

ಈ ಉಪಾಯವನ್ನು ಒಂದು ಪದ್ಧತಿಯಾಗಿಯೇ ಬೆಳೆಸಿದವರಿದ್ದಾರೆ. 1866ರಲ್ಲಿ ಫಿನ್ಲೆಂಡಿನ ಶಾಲೆಗಳ ಪಠ್ಯಕ್ರಮದಲ್ಲಿ ಕೈಗೆಲಸ ಸೇರುವುದಕ್ಕೆ ಊನೋ ಸಿಗ್ನೇಯಸ್ ಕಾರಣರಾದರು. ಅವರಿಂದ ಪ್ರೇರಣೆ ಪಡೆದ ಓಟ್ಟೊ ಸಾಲೊಮನ್ ಸ್ವೀಡನ್ನಿನ ನೇಸ್ ಎಂಬಲ್ಲಿ ಅಧ್ಯಾಪಕರಿಗೆ ಮರಗೆಲಸದ ತರಬೇತಿಯನ್ನು ನೀಡಿದರು. ಸ್ಲಾಯ್ಡ್ ಎಂದು ಹೆಸರಾದ ಆ ಪದ್ಧತಿಯಲ್ಲಿ ವಿದ್ಯಾರ್ಥಿಯ ಮೊದಲ ಕೆಲಸ ಚಾಕುವಿನಿಂದ ಒಂದು ಸಣ್ಣ ಕಡ್ಡಿಯನ್ನು ಕೆತ್ತುವುದು. ಅಲ್ಲಿಂದ ಸುಲಭದಿಂದ ಕಠಿಣಕ್ಕೆ, ಸರಳದಿಂದ ಸಂಕೀರ್ಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಮಾಡಿದ ವಸ್ತು ಮನೆಯಲ್ಲಿ ಬಳಕೆಗೆ ಬರಬೇಕು, ಮಾಡಿದವನೇ ಅದನ್ನು ಆರಂಭದಿಂದ ಕೊನೆಯವರೆಗೆ ಮಾಡಿ ಮುಗಿಸಬೇಕು. ನಮ್ಮಲ್ಲಿ 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮಿನಲ್ಲಿಯೂ ನೂಲುವುದು, ನೇಯುವುದರ ಜೊತೆಗೆ ಬಡಗಿತನಕ್ಕೆ ಸ್ಥಾನವಿತ್ತು. ಸಾಲೊಮನ್ನರ ಕ್ರಮ ಮಕ್ಕಳಿಗೆ ಎಷ್ಟು ಸರಿಯೋ ಹವ್ಯಾಸಕ್ಕೆ ಮರಳುವ ಮುದುಕರಿಗೂ ಅಷ್ಟೇ ಸರಿ. ಬಾಗಿಲು ತೆರೆದ ಮೊದಲ ದಿನ ತೂಗುಮಂಚದ ಮುಂದೆ ನಿಲ್ಲಬಾರದು. ಒಂದು ಸಟ್ಟುಗ, ಒಂದು ಕಡಗೋಲು, ಗಿಡಕ್ಕೆ ಆಸರೆಯ ಗೂಟ ಸಾಕು. ಒಂದೇ ಬೈಠಕ್ಕಿನಲ್ಲಿ ಮುಗಿಯುವಂಥದ್ದು, ಅಂದೇ ಅಡುಗೆಮನೆಗೆ ಹೋಗುವಂಥದ್ದು ಇರಲಿ.

ಎರಡನೆಯ ಉಪಾಯ ಸಹವಾಸ. ಜಾರ್ಜ್ ನಕಾಶಿಮಾ ಎಂಬ ಜಪಾನೀ ಮೂಲದ ಅಮೆರಿಕನ್ ವಾಸ್ತುಶಿಲ್ಪಿ 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ನಿರ್ಮಾಣದಲ್ಲಿ ದುಡಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಅವರನ್ನು ಹೆಂಡತಿ ಮತ್ತು ಹಸುಗೂಸಿನೊಂದಿಗೆ ಐಡಾಹೊ ಪ್ರಾಂತದ ಮಿನಿಡೋಕಾ ಬಂಧನ ಶಿಬಿರಕ್ಕೆ ಕಳುಹಿಸಿತು. ಮನಸ್ಸು ಕುಸಿಯಲು ಅದಕ್ಕಿಂತ ಹೆಚ್ಚಿನ ಕಾರಣ ಬೇಕೇ? ಅಲ್ಲಿ ಅವರಿಗೆ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯ ಒಡನಾಟ ದೊರೆಯಿತು. ಸಿಕ್ಕ ತುಂಡು ಮರಗಳಲ್ಲಿಯೇ ಜಪಾನೀ ಕೈಉಪಕರಣಗಳ ಬಳಕೆಯನ್ನು ಅವರಿಂದ ಕಲಿತರು. ಮುಂದೆ 20ನೆಯ ಶತಮಾನದ ಪ್ರಮುಖ ಪೀಠೋಪಕರಣ ಶಿಲ್ಪಿಗಳಲ್ಲಿ ಒಬ್ಬರಾದರು. ನಾವು ನಕಾಶಿಮಾ ಆಗಬೇಕಿಲ್ಲ. ಆದರೆ ನಮಗಿಂತ ಚೆನ್ನಾಗಿ ಬಲ್ಲ ಒಬ್ಬರ ಪಕ್ಕದಲ್ಲಿ ಕೂತು ನೋಡುವುದಕ್ಕೆ ವಯಸ್ಸಿನ ಸಂಕೋಚ ಬೇಡ. ನಮ್ಮ ಊರುಗಳ ಬಡಗಿಗಳು ಮಾತನಾಡಿಸಿದರೆ ಸಂತೋಷದಿಂದ ತೋರಿಸುತ್ತಾರೆ. ಅವರ ಬಳಿಗೆ ಯಾರೂ ಕಲಿಯಲು ಬರುತ್ತಿಲ್ಲವೆಂಬ ಕೊರಗು ಅವರಿಗೂ ಇದೆ.

ಮೂರನೆಯದಾಗಿ, "ಇಲ್ಲ" ಎನ್ನಲು ಕಲಿಯಬೇಕು. ಈಗ ಯಾರಾದರೂ ವ್ಯಾಸಪೀಠ ಕೇಳಿದರೆ, ಅದೇ ಬಡಗಿಯ ಮನೆಯ ದಾರಿಯನ್ನು ಹೇಳುತ್ತೇನೆ. ಅವರಿಗೆ ದುಡಿಮೆಯಾಯಿತು, ನನಗೆ ನೆಮ್ಮದಿಯಾಯಿತು. ಕೊಡಬೇಕೆನಿಸಿದವರಿಗೆ ನಾನಾಗಿಯೇ, ಅವರು ನಿರೀಕ್ಷಿಸದ ದಿನ, ಕೊಡುತ್ತೇನೆ. ಕಾಯಕಕ್ಕೆ ಬೆಲೆಯಿರಬೇಕು, ಹವ್ಯಾಸಕ್ಕೆ ಬಿಡುಗಡೆಯಿರಬೇಕು. ಎರಡನ್ನೂ ಕಲಸಿದರೆ ಎರಡಕ್ಕೂ ನಷ್ಟ.

ಓದುಗ ಮಿತ್ರರ ಮನೆಗಳಲ್ಲಿಯೂ ಎಲ್ಲೋ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇರಬಹುದು. ಅದರಲ್ಲಿರುವುದು ಉಳಿಯಾಗಲಿ, ಕುಂಚವಾಗಲಿ, ಕೊಳಲಾಗಲಿ, ಈ ವಾರ ಅದನ್ನು ಕೆಳಗಿಳಿಸಿ. ಏನನ್ನೂ ಮಾಡಬೇಕೆಂದಿಲ್ಲ, ಒರೆಸಿ ಎಣ್ಣೆ ಸವರಿ ಕೈಗೆಟುಕುವಲ್ಲಿ ಇಡಿ. ಮಿಕ್ಕದ್ದನ್ನು ಕೈಗಳೇ ನೋಡಿಕೊಳ್ಳುತ್ತವೆ. ನೀವೇನಂತೀರಿ?