ಕ್ರಿಯಾ ಸಂಶೋಧನೆ: ಮೊದಲ ಕರಡನ್ನು ಯಾರು ಓದಬೇಕು?

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದು ಕ್ರಿಯಾ ಸಂಶೋಧನಾ ವರದಿ ಒಪ್ಪಿಸಬೇಕು. ಮಾರ್ಗದರ್ಶಕರ ಕೈಗೆ ಹೋಗುವುದು ಡಿಟಿಪಿ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿದ ಪ್ರತಿ. ಅದಕ್ಕೂ ಮೊದಲು ರಫ್ ನೋಟ್‌ಬುಕ್ಕಿನಲ್ಲಿ ಬರೆದ ಕರಡನ್ನು ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ ಎಂದು ನನ್ನ ಅಭಿಪ್ರಾಯ.

ಗಂಗಾವತಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಪಾಠ ಮಾಡಿದ ಗೆಳತಿಯೊಬ್ಬಳ ಸಮಸ್ಯೆ ಇದು: ಎಂಟನೇ ತರಗತಿಯ ಮಕ್ಕಳು ಸಮೀಕರಣದಲ್ಲಿ ಪದವನ್ನು ಆಚೆ ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸುವುದಿಲ್ಲ. ಅವಳ ರಫ್ ಪುಟದಲ್ಲಿ ಹೀಗಿತ್ತು: “ನಾಟಿ ಹತ್ತಿದ ವಾರ ಹಿಂದಿನ ಎರಡು ಬೆಂಚು ಖಾಲಿ. ತಿರುಗಿ ಬರೂದ್ರಾಗ ಪಾಠ ಮುಂದ ಹೋಗಿರ್ತೈತಿ. ಉಳಿದವ್ರು ಆಚೆ ಒಯ್ದರ ಕೂಡಿಸೂದು ಕಳೆಯೂದಾಗ್ತೈತಿ ಅಂತ ಬಾಯಿಪಾಠ ಮಾಡ್ಯಾರ, ಯಾಕಂತ ಗೊತ್ತಿಲ್ಲ. ತಕ್ಕಡಿ ತಂದು ತೋರಿಸಬೇಕು.” ನಾಲ್ಕು ಸಾಲಿನಲ್ಲಿ ಎರಡು ಕಾರಣ, ಒಂದು ಉಪಾಯ.

ಬೈಂಡಿಂಗ್ ಆದ ಪ್ರತಿಯ ‘ಸಂಭಾವ್ಯ ಕಾರಣಗಳು’ ಭಾಗದಲ್ಲಿ ಉಳಿದದ್ದು: ಪೋಷಕರ ಅನಕ್ಷರತೆ, ಮನೆಯಲ್ಲಿ ಕಲಿಕಾ ವಾತಾವರಣದ ಕೊರತೆ, ವಿದ್ಯಾರ್ಥಿಗಳ ನಿರಾಸಕ್ತಿ. ಕುಷ್ಟಗಿಯಲ್ಲಿ ಪಾಠ ಮಾಡಿದವರ ವರದಿಯಲ್ಲೂ ಇವೇ ಮೂರು, ಇದೇ ಕ್ರಮದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಮಗು ನಾಟಿಗೆಂದು ಕೆಲವು ದಿನ ತಪ್ಪಿಸುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ಅಪ್ಪ-ಅವ್ವ ಗುಳೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮಗು ಅವರ ಜೊತೆ ಹೋಗುತ್ತದೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿಯುತ್ತದೆ. ಮೊದಲನೆಯದಕ್ಕೆ ವಾರದ ಹೆಚ್ಚುವರಿ ತರಗತಿ ಸಾಕಾದೀತು, ಎರಡನೆಯದಕ್ಕೆ ಸಾಲದು. ‘ನಿರಾಸಕ್ತಿ’ ಎಂದು ಬರೆದುಬಿಟ್ಟರೆ ಎರಡೂ ಕಡೆ ತಪ್ಪು ಮಗುವಿನದೇ ಆಗುತ್ತದೆ.

ಇದನ್ನು ಸೋಮಾರಿತನ ಎನ್ನಲಾರೆ. ಮೊದಲ ಸಾಲಿಗೇ ಪರೀಕ್ಷಕರು ಎದುರಿಗೆ ಕೂತಂತಾಗುತ್ತದೆ. ಶ, ಷ ತಪ್ಪೀತೆಂಬ ಅಳುಕು ಬೇರೆ. ‘ಪ್ರಸ್ತುತ ಅಧ್ಯಯನವು’ ಎಂದು ಶುರುವಾದರೆ ಮುಗಿಯಿತು, ಆ ಪದ ತನ್ನ ನೆಂಟರನ್ನೆಲ್ಲ ಕರೆದುಕೊಂಡೇ ಬರುತ್ತದೆ. ಹೋದ ವರ್ಷದ ರೆಕಾರ್ಡಿನ ಜಾಡಿನಲ್ಲೇ ಪೆನ್ನು ಓಡುತ್ತದೆ. 1953ರಲ್ಲಿ ಶಾಲೆಗಳ ಕ್ರಿಯಾ ಸಂಶೋಧನೆಯ ಬಗ್ಗೆ ಪುಸ್ತಕ ಬರೆದ ಸ್ಟೀಫನ್ ಕೋರಿಯ ಆಶಯ, ಶಿಕ್ಷಕರು ತಮ್ಮ ತರಗತಿಯ ತೊಡಕನ್ನು ತಾವೇ ಪರಿಶೀಲಿಸಿ ತಮ್ಮ ಬೋಧನೆಯನ್ನು ತಿದ್ದಿಕೊಳ್ಳಬೇಕೆಂಬುದು. ನಾವು ತಿದ್ದುತ್ತಿರುವುದು ವಾಕ್ಯಗಳನ್ನು.

ಆಡುಮಾತಿನಲ್ಲಿ ಸಂಶೋಧನೆಯೇ ಎಂದು ಕೆಲವು ಗುರುಗಳು ಕೇಳಬಹುದು. ಕೊನೆಯ ಪ್ರತಿ ಗ್ರಾಂಥಿಕ ಕನ್ನಡದಲ್ಲೇ ಇರಲಿ, ನನ್ನ ತಕರಾರಿಲ್ಲ. ಆದರೆ ಕರಡಿಗೂ ಈ ಸಂಕೋಚ ಯಾಕೆ? ಅದೂ ಕೊಪ್ಪಳದಲ್ಲಿ! ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು.

ಸಮಯದ ಮಾತು ನಿಜ. ಒಬ್ಬ ಮಾರ್ಗದರ್ಶಕರ ಕೆಳಗೆ ಹಲವು ಪ್ರಶಿಕ್ಷಣಾರ್ಥಿಗಳು. ಎಲ್ಲರ ಇಡೀ ಕರಡು ಓದಲಾಗದು. ಹಾಗಾಗಿ ಕಾರಣಗಳ ಒಂದೇ ಪುಟ ಕೇಳಿ, ಕೈಬರಹದಲ್ಲಿ, ಸಮಸ್ಯೆ ಆರಿಸಿದ ವಾರದಲ್ಲೇ. ಕಾಗುಣಿತಕ್ಕೆ ಕೆಂಪು ಶಾಯಿ ಬೇಡ. ಅಂಚಿನಲ್ಲಿ ಪ್ರಶ್ನೆ ಬರೆಯಿರಿ: ಎಷ್ಟು ಮಕ್ಕಳು? ಯಾವ ವಾರ? ನೀವು ಕಂಡದ್ದೋ, ಯಾರೋ ಹೇಳಿದ್ದೋ? ಆ ಪುಟ ವರದಿಯ ಕೊನೆಗೆ ಲಗತ್ತಾಗಲಿ. ಅಚ್ಚುಕಟ್ಟುತನಕ್ಕೆ ಕೊಡುವ ಅಂಕಗಳಲ್ಲಿ ಎರಡನ್ನು ಇದಕ್ಕೆ ಬಿಟ್ಟುಕೊಡಿ. ಮೌಖಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯೂ ಇರಲಿ: ಈ ಪುಟದಲ್ಲಿದ್ದ ಯಾವ ಮಾತು ಅಚ್ಚಿನಲ್ಲಿ ಇಲ್ಲ, ಯಾಕೆ ಬಿಟ್ಟಿರಿ?

ನಮ್ಮ ಬ್ಯಾಚಿನ ಹಲವರ ವರದಿಗಳು ಇನ್ನೂ ಡಿಟಿಪಿಗೆ ಹೋಗಿಲ್ಲ. ಆ ಪುಟ ಕೇಳಲು ಈ ವಾರವೂ ತಡವಲ್ಲ.